ಪ್ಲಾಸ್ಟರ್ ಹಾಕಿಲ್ಲ ಅಂತ ಗಾಬರಿ ಬೇಡ

ಮಗುವಿನ ಕೈ ಮುರಿದರೆ ಪ್ಲಾಸ್ಟರ್ ಹಾಕ್ತಾರೆ, ಕಾಲು ಮುರಿದರೂ ಅಷ್ಟೇ. ಆದರೆ ಸೊಂಟದ ಮೂಳೆ, ಅಂದರೆ ಡಾಕ್ಟರು ಪೆಲ್ವಿಸ್ ಅಂತಾರಲ್ಲ ಅದು ಮುರಿದಾಗ, ಎಷ್ಟೋ ಸಲ ಯಾವ ಕಟ್ಟೂ ಹಾಕದೆ ‘ರೆಸ್ಟ್ ಕೊಡಿ’ ಎಂದು ಮನೆಗೆ ಕಳಿಸುತ್ತಾರೆ. ನೋಡಲು ಬಂದ ನೆಂಟರು ಸುಮ್ಮನಿರುತ್ತಾರೆಯೇ? ‘ಇದೆಂಥಾ ಟ್ರೀಟ್‌ಮೆಂಟು! ಎಣ್ಣೆ ನೀವಿಸಿ, ನಾಟಿ ಕಟ್ಟು ಹಾಕಿಸಿ’ ಅಂತ ಶುರು. ತಾಯಿಯ ಮನಸ್ಸು ಅಲ್ಲಾಡುವುದೇ ಆಗ. ನನ್ನನ್ನು ಕೇಳಿದರೆ, ನೀವು ಗಟ್ಟಿಯಾಗಿ ನಿಲ್ಲಬೇಕಾದ್ದೂ ಆಗಲೇ.

ಮಕ್ಕಳ ಮೂಳೆ ಹಸಿ ಕಡ್ಡಿಯಂತೆ, ಸ್ವಲ್ಪ ಬಾಗುತ್ತದೆ. ಮುರಿದ ಭಾಗ ಜಾಗ ಬಿಟ್ಟು ಸರಿಯದಿದ್ದರೆ ಸಾಮಾನ್ಯವಾಗಿ 4ರಿಂದ 6 ವಾರಗಳಲ್ಲಿ ತಾನಾಗಿಯೇ ಕೂಡಿಕೊಳ್ಳುತ್ತದೆ. ಮೂಳೆ ತೀರಾ ಸರಿದಿದ್ದರೆ, ಸೊಂಟದ ಕೀಲಿಗೇ ಪೆಟ್ಟಾಗಿದ್ದರೆ ಆಪರೇಷನ್ ಬೇಕಾಗಬಹುದು. ಎಣ್ಣೆ ಹಚ್ಚಿ ನೀವಿದರೆ ಜಾಗದಲ್ಲೇ ಇದ್ದ ಮೂಳೆಯೂ ಸರಿದೀತು!

ಹಾಗಂತ ಇದನ್ನು ಸಣ್ಣ ಪೆಟ್ಟು ಅಂದುಕೊಳ್ಳಬೇಡಿ. ಬಾಗುವ ಮೂಳೆಯೂ ಮುರಿಯಿತೆಂದರೆ ಏಟು ಜೋರಾಗೇ ಬಿದ್ದಿದೆ ಎಂದರ್ಥ. ವಾಹನ ಗುದ್ದಿದ, ಮಹಡಿಯಿಂದ ಬಿದ್ದ ಮಗುವನ್ನು ಕೈಕಾಲು ಹಿಡಿದೆತ್ತಿ ಆಟೋಗೆ ಹಾಕಬೇಡಿ. ಮಲಗಿದಂತೆಯೇ ಇರಲಿ, 108ಕ್ಕೆ ಫೋನ್ ಮಾಡಿ. ತಲೆ, ಹೊಟ್ಟೆ, ಮೂತ್ರಕೋಶಕ್ಕೂ ಪೆಟ್ಟಾಗಿರಬಹುದು. ಮೂತ್ರದಲ್ಲಿ ರಕ್ತ ಕಂಡರೆ, ಮೂತ್ರವೇ ಬಾರದಿದ್ದರೆ, ಮುಖ ಬಿಳಿಚಿಕೊಂಡರೆ ಡಾಕ್ಟರಿಗೆ ಕೂಡಲೇ ಹೇಳಿ.

ಹೈಸ್ಕೂಲು ಮಕ್ಕಳದ್ದು ಇನ್ನೊಂದು ಬಗೆ. ಓಟದ ಸ್ಪರ್ಧೆಯಲ್ಲೋ ಫುಟ್‌ಬಾಲ್ ಒದೆಯುವಾಗಲೋ ಸ್ನಾಯುವೇ ಮೂಳೆಯ ಚೂರೊಂದನ್ನು ಎಳೆದು ಕೀಳುತ್ತದೆ. ನಾವು ‘ಉಳುಕು’ ಅಂತ ಸ್ಪ್ರೇ ಹೊಡೆದು ಸುಮ್ಮನಾಗಿಬಿಡುತ್ತೇವೆ. ‘ಟಕ್’ ಅಂತು, ಆಮೇಲೆ ಕಾಲೂರಲು ಆಗ್ತಿಲ್ಲ ಎಂದು ಮಗ ಹೇಳಿದರೆ ಎಕ್ಸ್‌ರೇ ತೆಗೆಸಿ. ಕೆಲವು ವಾರ ಊರುಗೋಲು ಸಾಕಾಗುತ್ತದೆ. ಆದರೆ ಮತ್ತೆ ಮೈದಾನಕ್ಕಿಳಿಯಲು ಎರಡು ಮೂರು ತಿಂಗಳು ಬೇಕಾಗಬಹುದು.

ಮನೆಯಲ್ಲಿ ಅಮ್ಮನ ಕೆಲಸವೇ ಜಾಸ್ತಿ. ಮಲಗಿಯೇ ಇದ್ದರೆ ಮಲಬದ್ಧತೆ ಖಂಡಿತ. ಹಣ್ಣು, ಸೊಪ್ಪು, ನೀರು ಧಾರಾಳವಾಗಿ ಕೊಡಿ. ಹಾಲು, ರಾಗಿ ಇದ್ದೇ ಇದೆಯಲ್ಲ. ಕುಕ್ಕರುಗಾಲಲ್ಲಿ ಕೂರುವ ಶೌಚಾಲಯ ಸದ್ಯಕ್ಕೆ ಬೇಡ, ಕಮೋಡ್ ಇರಲಿ. ನೋವಿಲ್ಲ ಅಂತ ಮಗು ಹಟ ಮಾಡಿದರೂ ಹೇಳಿದ ದಿನಕ್ಕಿಂತ ಮೊದಲು ನಡೆಸಬೇಡಿ. ನಡೆಸಿ ಅಂದ ಮೇಲೆ ‘ಪಾಪ’ ಅಂತ ಮಲಗಿಸಿಯೂ ಇಡಬೇಡಿ.

ಕೊನೆಯದಾಗಿ, ಓಡಾಡಲು ಶುರು ಮಾಡಿದ ಎಂದು ಫೈಲ್ ಅಟ್ಟಕ್ಕೆ ಹಾಕಬೇಡಿ. ಸೊಂಟದ ಕೀಲಿನ ಗುಳಿಯಲ್ಲಿ ಮೂರು ಮೂಳೆಗಳು ಸೇರುವ ಕಡೆ ಬೆಳೆಯುವ ಮೃದ್ವಸ್ಥಿಯಿದೆ. ಅದು ಪೂರ್ತಿ ಮೂಳೆಯಾಗುವುದು ಹದಿಹರೆಯದಲ್ಲಿ. ಅದಕ್ಕೇ ಪೆಟ್ಟಾಗಿದ್ದರೆ ಗುಳಿ ಸರಿಯಾಗಿ ಬೆಳೆಯದಿರಬಹುದು, ನಡಿಗೆ ಕುಂಟಬಹುದು. ಇದು ಗೊತ್ತಾಗುವುದು ವರ್ಷಗಳ ಮೇಲೆ! ಆದ್ದರಿಂದ ಡಾಕ್ಟರು ಕರೆದಾಗಲೆಲ್ಲ ತಪ್ಪದೆ ಹೋಗಿ ತೋರಿಸಿ.

ನೋಡಲು ಬಂದವರಿಗೆ ಕಾಫಿ ಕೊಡಿ. ಚಿಕಿತ್ಸೆಯ ಸಲಹೆ ಮಾತ್ರ ಡಾಕ್ಟರಿಂದಲೇ ತಗೊಳ್ಳಿ.