ಬುದ್ಧಿಮಾಂದ್ಯರ ಮನೆಯವರಿಗೆ ಸಲ್ಲಬೇಕಾದುದು

೨೦೨೪-೨೫ನೆಯ ಸಾಲಿನ ಮುಂಗಡಪತ್ರದಲ್ಲಿ ಕರ್ನಾಟಕ ಸರ್ಕಾರದವರು ಒಂದು ಸತ್ಕಾರ್ಯವನ್ನು ಸಾರಿದರು. ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೋಫಿ, ಪಾರ್ಕಿನ್ಸನ್, ಮಲ್ಟಿಪಲ್ ಸ್ಕ್ಲೀರೋಸಿಸ್ ಎಂಬ ನಾಲ್ಕು ವ್ಯಾಧಿಗಳಿಂದ ನರಳುವವರನ್ನು ನೋಡಿಕೊಳ್ಳುವವರಿಗೆ ತಿಂಗಳಿಗೆ ೧,೦೦೦ ರೂಪಾಯಿ ಕೊಡತಕ್ಕದ್ದೆಂಬುದೇ ಅದು. ಮೊಬಲಗು ಅಲ್ಪವಾದರೂ ತತ್ತ್ವವು ದೊಡ್ಡದು. ರೋಗಿಯ ಮಗ್ಗುಲಲ್ಲಿ ಕುಳಿತವರೂ ಲೆಕ್ಕಕ್ಕೆ ಬರತಕ್ಕವರೆಂದು ಬೊಕ್ಕಸವು ಒಪ್ಪಿಕೊಂಡಂತಾಯಿತು. ಆದರೆ ಆ ಪಟ್ಟಿಯಲ್ಲಿ ಬುದ್ಧಿಮಾಂದ್ಯರ ಹೆಸರಿರಲಿಲ್ಲ. ಬುದ್ಧಿಮಾಂದ್ಯದ ಮೇಲೆ ಮೂರ್ಛೆರೋಗವೂ ಬಂದೊದಗಿದವರ ಹೆಸರೂ ಇರಲಿಲ್ಲ.

ಇವೆರಡೂ ಒಂದೇ ದೇಹದಲ್ಲಿ ಕೂಡುವುದು ಅಪರೂಪವಲ್ಲ. ಬುದ್ಧಿಮಾಂದ್ಯರಲ್ಲಿ ಸುಮಾರು ಐವರಿಗೆ ಒಬ್ಬರಂತೆ ಮೂರ್ಛೆಯೂ ಉಂಟೆಂದು ವೈದ್ಯರು ಹೇಳುತ್ತಾರೆ. ಇದರ ಹೊರೆ ಎಂತಹುದೆಂಬುದನ್ನು ಕಚೇರಿಯಲ್ಲಿ ಕುಳಿತು ಊಹಿಸುವುದು ಕಷ್ಟ. ಶಿಡ್ಲಘಟ್ಟ ತಾಲ್ಲೂಕಿನ ದಿಬ್ಬೂರಹಳ್ಳಿಯ ಕಡೆಯ ರೇಷ್ಮೆ ಸಾಕುವ ಮನೆಯೊಂದನ್ನು ವಾಚಕರು ಮನಸ್ಸಿಗೆ ತಂದುಕೊಳ್ಳಲಿ. ನಾಲ್ಕನೆಯ ಜ್ವರ ಕಳೆದೆದ್ದ ಹುಳುವಿಗೆ ಹಗಲಿರುಳೆನ್ನದೆ ಸೊಪ್ಪು ಹಾಕಬೇಕು; ಹಣ್ಣಾದ ಹುಳುವನ್ನು ಚಂದ್ರಿಕೆಗೆ ಬಿಡುವ ದಿನವಂತೂ ಮನೆಮಂದಿಗೆಲ್ಲ ಉಣ್ಣಲು ಪುರುಸೊತ್ತಿಲ್ಲ. ಅಂತಹ ಮನೆಯಲ್ಲಿ ಇಪ್ಪತ್ತರ ಪ್ರಾಯದ, ಮಗುವಿನ ಬುದ್ಧಿಯ ಮಗನೊಬ್ಬನಿದ್ದರೆ ಗತಿಯೇನು? ಒಲೆ, ಬಾವಿಕಟ್ಟೆ, ನೂಲು ಬಿಚ್ಚುವ ಕುದಿನೀರಿನ ತೊಟ್ಟಿ, ಇವುಗಳ ಬಳಿ ಅವನನ್ನು ಒಂದು ಗಳಿಗೆಯೂ ಒಂಟಿಯಾಗಿ ಬಿಡುವಂತಿಲ್ಲ. ಮೂರ್ಛೆಯು ಹೇಳಿಕಳುಹಿಸಿ ಬರುವುದಿಲ್ಲ. ತಾಯಿಯು ಕೂಲಿ ಬಿಡುತ್ತಾಳೆ. ತಾಯಿಗೆ ಆಗದಿದ್ದರೆ ಅಕ್ಕನು ಶಾಲೆ ಬಿಡುತ್ತಾಳೆ. ಆ ಅಕ್ಕನಿಗೆ ಗಂಡು ನೋಡಲು ಬಂದಾಗ ತಮ್ಮನನ್ನು ಒಳಮನೆಗೆ ಸೇರಿಸಿ ಕದವಿಕ್ಕುವುದೂ ಉಂಟು. ಹಿಂದೂ ವಿವಾಹ ಕಾಯಿದೆಯಿಂದ ಅಪಸ್ಮಾರವೆಂಬ ಅಡ್ಡಿಯನ್ನು ೧೯೯೯ರಲ್ಲೇ ತೆಗೆದುಹಾಕಿದರು. ಹೆಣ್ಣು ನೋಡಲು ಬರುವವರಿಗೆ ಆ ಸುದ್ದಿ ಇನ್ನೂ ಮುಟ್ಟಿದಂತಿಲ್ಲ.

ನಮ್ಮ ಸೀಮೆಗೂ ಈ ರೋಗಕ್ಕೂ ವೈದ್ಯಶಾಸ್ತ್ರದಲ್ಲಿ ಹಳೆಯ ನಂಟುಂಟು. ತಲೆಯ ಮೇಲೆ ಬಿಸಿನೀರು ಹೊಯ್ದುಕೊಳ್ಳುವಾಗ ಬರುವ ಒಂದು ಬಗೆಯ ಮೂರ್ಛೆಯನ್ನು ಕನ್ನಡ ನಾಡಿನ ವೈದ್ಯರು ವಿಶೇಷವಾಗಿ ಗುರುತಿಸಿ ಅಭ್ಯಸಿಸಿದ್ದಾರೆ. ಅಭ್ಯಂಜನದ ಹಂಡೆಯೇ ಶತ್ರುವಾಗುವುದು ವಿಚಿತ್ರವಾದರೂ ನಿಜ. ಅಂತಹವರಿಗೆ ಉಗುರುಬೆಚ್ಚಗಿನ ನೀರು ಸಾಕು. ಬೆಂಗಳೂರಿನ ನಗರದಲ್ಲಿಯೂ ಸುತ್ತಣ ಹಳ್ಳಿಗಳಲ್ಲಿಯೂ ಮಾಡಿ ೨೦೦೪ರಲ್ಲಿ ಪ್ರಕಟಿಸಿದ ಗಣತಿಯೊಂದರಲ್ಲಿ, ಮೂರ್ಛೆಯುಳ್ಳವರು ನಗರದಲ್ಲಿ ಸಾವಿರಕ್ಕೆ ಸುಮಾರು ೬ ಮಂದಿಯಾದರೆ ಹಳ್ಳಿಗಳಲ್ಲಿ ಸುಮಾರು ೧೨ ಮಂದಿ. ರೋಗವು ಹಳ್ಳಿಯಲ್ಲಿ ಇಮ್ಮಡಿ, ವೈದ್ಯನು ನಗರದಲ್ಲಿ!

ಔಷಧವಾದರೂ ದುಬಾರಿಯೇ ಎಂದರೆ ಅದೂ ಅಲ್ಲ. ೧೯೧೨ರಿಂದ ಬಳಕೆಯಲ್ಲಿರುವ ಫಿನೋಬಾರ್ಬಿಟಾಲ್ ಅತ್ಯಂತ ಅಗ್ಗದ ಮದ್ದು. ಅದನ್ನೂ ಫಿನೈಟಾಯಿನ್ ಎಂಬುದನ್ನೂ ಕೊಟ್ಟು ಹಳ್ಳಿಯ ರೋಗಿಗಳನ್ನು ಹಳ್ಳಿಯಲ್ಲೇ ಹತೋಟಿಗೆ ತರಬಹುದೆಂದು ಡಾ. ಕೆ. ಎಸ್. ಮಣಿಯವರು ಮತ್ತು ಸಂಗಡಿಗರು ಯಳಂದೂರಿನಲ್ಲಿ ತೋರಿಸಿಕೊಟ್ಟರು. ಆ ವರದಿ ೨೦೦೧ರಲ್ಲಿ ಪ್ರಕಟವಾಯಿತು. ಆದರೆ ಮಾತ್ರೆಯು ದಿನ ತಪ್ಪಬಾರದು. ತಪ್ಪಿದರೆ ಮೂರ್ಛೆ ಮರುಕಳಿಸುತ್ತದೆ. ಒಮ್ಮೊಮ್ಮೆ ಪ್ರಾಣಕ್ಕೇ ಬರುತ್ತದೆ. ನಾಲ್ಕು ಗುಳಿಗೆಗಾಗಿ ಬೆಂಗಳೂರಿಗೆ ಅಲೆದು ಎರಡು ಹೊತ್ತಿನ ಕೂಲಿ ಕಳೆದುಕೊಳ್ಳುವವರು ಮೂರನೆಯ ತಿಂಗಳು ಹೋಗದಿದ್ದರೆ ಅದನ್ನು ಅಜ್ಞಾನವೆಂದು ಹಳಿಯುವುದು ಅನ್ಯಾಯ. ೨೦೨೨ರಲ್ಲಿ ನಿಮ್ಹಾನ್ಸ್ ಸಂಸ್ಥೆಯೊಡನೆ ಕೂಡಿ ಸರ್ಕಾರದವರು ಮಿದುಳಿನ ಆರೋಗ್ಯದ ಯೋಜನೆಯನ್ನು ಆರಂಭಿಸಿದಾಗ ಮೊದಲಿಗೆ ಆರಿಸಿಕೊಂಡ ಜಿಲ್ಲೆಗಳಲ್ಲಿ ಚಿಕ್ಕಬಳ್ಳಾಪುರವೂ ಒಂದು. ಸಂತೋಷವೇ. ಜಿಲ್ಲಾ ಆಸ್ಪತ್ರೆಯಲ್ಲಿ ಬರೆದುಕೊಟ್ಟ ಮದ್ದು ಹೋಬಳಿಯ ಆರೋಗ್ಯ ಕೇಂದ್ರದಲ್ಲಿ ತಿಂಗಳು ತಪ್ಪದೆ ದೊರೆಯುವಂತಾದರೆ ಆ ಸಂತೋಷವು ಪೂರ್ಣವಾದೀತು.

ಅಂಗವಿಕಲರಿಗೆ ಮಾಸಾಶನವಿದೆಯಲ್ಲ, ಮತ್ತೇನು ಎನ್ನುವವರುಂಟು. ಆ ಹಣವು ರೋಗಿಯ ಅನ್ನವಸ್ತ್ರಕ್ಕೆ. ಅವನನ್ನು ಕಾಯುತ್ತ ಕುಳಿತವಳ ಕೂಲಿಯನ್ನು ಅದು ತುಂಬಿಕೊಡುವುದಿಲ್ಲ. ತಾಯಿಯ ಮಮತೆಗೆ ಬೆಲೆ ಕಟ್ಟಬೇಡಿರೆಂದು ಉಪದೇಶಿಸುವವರೂ ಉಂಟು. ಅವರ ಮನೆಗಳಲ್ಲಿ ಇಂತಹ ಮಗುವಿಲ್ಲವೆಂದಷ್ಟೇ ನಾವು ತಿಳಿದುಕೊಳ್ಳುತ್ತೇವೆ. ೨೦೧೬ರ ಅಂಗವಿಕಲರ ಹಕ್ಕುಗಳ ಕಾಯಿದೆಯ ೨೪ನೆಯ ಕಲಮು, ಹೆಚ್ಚಿನ ಆಸರೆ ಬೇಕಾದವರ ಆರೈಕೆಗೆಂದು ಭತ್ಯವನ್ನು ಸ್ಪಷ್ಟವಾಗಿಯೇ ಹೆಸರಿಸಿದೆ. ನೆರೆಯ ಕೇರಳದವರು 'ಆಶ್ವಾಸಕಿರಣಂ' ಎಂಬ ಯೋಜನೆಯಲ್ಲಿ ಬುದ್ಧಿಮಾಂದ್ಯರನ್ನು ನೋಡಿಕೊಳ್ಳುವವರನ್ನೂ ಸೇರಿಸಿ ತಿಂಗಳಿಗೆ ೬೦೦ ರೂಪಾಯಿ ಗೊತ್ತುಮಾಡಿದರು. ಕರ್ನಾಟಕದ ಪಟ್ಟಿಯೂ ವ್ಯಾಧಿಯ ಹೆಸರನ್ನು ಹಿಡಿಯದೆ, ಆರೈಕೆಗೆ ದಿನದ ಎಷ್ಟು ಹೊತ್ತು ಬೇಕೆಂಬುದನ್ನು ಹಿಡಿದು ಸಿದ್ಧವಾಗತಕ್ಕದ್ದು.

ಅಧಿಕಾರಿವರ್ಗದವರಲ್ಲಿ ಇನ್ನೊಂದು ಅರಿಕೆ. ಮಗನಿಗೆ ೧೮ ತುಂಬಿದ ಮೇಲೆ ಕಾನೂನಿನ ಕಣ್ಣಿನಲ್ಲಿ ತಾವು ತಾವಾಗಿಯೇ ಪೋಷಕರಲ್ಲವೆಂಬುದು ಎಷ್ಟೋ ತಂದೆತಾಯಿಗಳಿಗೆ ತಿಳಿಯದು. ೧೯೯೯ರ ರಾಷ್ಟ್ರೀಯ ನ್ಯಾಸ ಕಾಯಿದೆಯಂತೆ ಪೋಷಕರನ್ನು ನೇಮಿಸುವ ಸ್ಥಳೀಯ ಸಮಿತಿಗೆ ಜಿಲ್ಲಾಧಿಕಾರಿಗಳೇ ಮುಖ್ಯಸ್ಥರು. ಅದೇ ನ್ಯಾಸದ 'ನಿರಾಮಯ' ವಿಮೆಯಿಂದ ಒಂದು ಲಕ್ಷ ರೂಪಾಯಿಯವರೆಗೆ ಚಿಕಿತ್ಸೆಯ ವೆಚ್ಚವೂ ದೊರೆಯುತ್ತದೆ. ತಮ್ಮ ಬಳಿಕ ಮಗನ ಗತಿಯೇನೆಂದು ಚಿಂತಿಸುವ ಮುದುಕರು ಚಿಕ್ಕಬಳ್ಳಾಪುರದ ಕಚೇರಿಗೆ ಮೂರ್ಛೆಯ ಮಗನನ್ನು ಬಸ್ಸಿನಲ್ಲಿ ಕೂಡಿಸಿಕೊಂಡು ಬರುವುದು ಸುಲಭವಲ್ಲ. ಸಮಿತಿಯೇ ವರ್ಷಕ್ಕೆರಡು ಸಲ ಶಿಡ್ಲಘಟ್ಟಕ್ಕೂ ದಿಬ್ಬೂರಹಳ್ಳಿಯಂತಹ ಊರುಗಳಿಗೂ ಬಂದು ಅರ್ಜಿಗಳನ್ನು ಸ್ಥಳದಲ್ಲೇ ವಿಚಾರಿಸಲಿ. ಬರುವ ದಿನವನ್ನು ಮುಂಚಿತವಾಗಿ ಡಂಗುರ ಹೊಡೆಸಲಿ. ಹುಳು ಹಣ್ಣಾಗುವ ವಾರವನ್ನು ಬಿಟ್ಟು ದಿನ ಗೊತ್ತುಮಾಡಿದರೆ ಇನ್ನೂ ಮೇಲು.