ಕೋಡ್ ಓದುವುದು ಬೇರೆ, ಕಾಯಿಲೆ ಹಿಡಿಯುವುದು ಬೇರೆ

ಕಾರಿನ ಹುಚ್ಚಿರುವ ಗೆಳೆಯರು ನಾಲ್ಕು ಮಂದಿ ಸೇರಿದರೆ ಮಾತು ಬಂದು ನಿಲ್ಲುವುದು ರೀಮ್ಯಾಪ್, ಹೊಸ ಏರ್ ಫಿಲ್ಟರ್, ಗುಡುಗುವ ಸೈಲೆನ್ಸರ್‌ಗಳಲ್ಲೇ. ‘ಇದನ್ನು ಹಾಕಿಸಿದರೆ ಇಷ್ಟು ಪವರ್ ಜಾಸ್ತಿ’ ಎಂಬ ಲೆಕ್ಕ ಎಲ್ಲರ ಬಾಯಲ್ಲೂ ಇದೆ. ‘ಈಗಿರುವ ಎಂಜಿನ್ ತನ್ನ ಪೂರ್ತಿ ಶಕ್ತಿ ಕೊಡುತ್ತಿದೆಯೇ?’ ಎಂದು ಕೇಳುವವರು ಮಾತ್ರ ಅಪರೂಪ. ಆಟೊಮೊಬೈಲ್ ಡಿಪ್ಲೊಮಾ ಮುಗಿಸಿ ಬೆಂಗಳೂರಿನ ಗ್ಯಾರೇಜೊಂದರಲ್ಲಿ ಟ್ರೇನಿಯಾಗಿರುವ ನನಗೆ ಅನ್ನಿಸುವುದು ಇಷ್ಟು: ಶಕ್ತಿ ಸೇರಿಸುವುದಕ್ಕಿಂತ ಮೊದಲು, ಕಳೆದುಹೋದ ಶಕ್ತಿ ಎಲ್ಲಿ ಹೋಯಿತು ಎಂದು ಹುಡುಕುವುದನ್ನು ನಾವು ಕಲಿಯಬೇಕು. ಕೆಲಸ ಹುಡುಕುತ್ತಿರುವ ನಮ್ಮಂಥವರಿಗೆ ನಿಜವಾದ ಬೆಲೆ ಇರುವುದೂ ಅಲ್ಲೇ.

ಇವತ್ತಿನ ಸ್ಪೋರ್ಟ್ಸ್ ಕಾರಿನ ಎಂಜಿನ್ ತನ್ನ ನೋವನ್ನು ಮುಚ್ಚಿಡುತ್ತದೆ. ಕಾರ್ಬ್ಯುರೇಟರ್ ಕಾಲದಲ್ಲಿ ಗಾಳಿ-ಪೆಟ್ರೋಲಿನ ಹದ ತಪ್ಪಿದರೆ ಎಂಜಿನ್ ಕೆಮ್ಮುತ್ತಿತ್ತು, ಮಿಸ್ ಹೊಡೆಯುತ್ತಿತ್ತು. ಅನುಭವಿ ಮೆಕ್ಯಾನಿಕ್ ಸದ್ದು ಕೇಳಿಯೇ ಹೇಳಿಬಿಡುತ್ತಿದ್ದ. ಈಗ ಹಾಗಲ್ಲ. ಒಂದು ಪಾಲು ಪೆಟ್ರೋಲಿಗೆ ಸುಮಾರು 14.7 ಪಾಲು ಗಾಳಿ ಎಂಬ ಹದವನ್ನು ಆಕ್ಸಿಜನ್ ಸೆನ್ಸರ್ ನೋಡಿಕೊಂಡು, ಎಂಜಿನ್ನಿನ ಕಂಪ್ಯೂಟರ್ ಆದ ಇಸಿಯು ಕ್ಷಣಕ್ಷಣಕ್ಕೂ ಸರಿಪಡಿಸುತ್ತಲೇ ಇರುತ್ತದೆ. ಹೀಗೆ ಎಷ್ಟು ಶೇಕಡಾ ಪೆಟ್ರೋಲ್ ಹೆಚ್ಚು ಅಥವಾ ಕಡಿಮೆ ಕೊಟ್ಟೆ ಎಂಬ ಅದರ ಲೆಕ್ಕವೇ ‘ಫ್ಯುಯೆಲ್ ಟ್ರಿಮ್’. ಈ ತಿದ್ದುಪಡಿ ಮಿತಿ ಮೀರಿದಾಗಲಷ್ಟೇ ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಹತ್ತಿಕೊಳ್ಳುತ್ತದೆ. ಅಷ್ಟರಲ್ಲಿ ಕಾಯಿಲೆ ಹಳೆಯದಾಗಿರುತ್ತದೆ.

ದೀಪ ಹತ್ತಿದ ಮೇಲೆ ಏನಾಗುತ್ತದೆ? ಸ್ಕ್ಯಾನರ್ ಚುಚ್ಚುತ್ತಾರೆ, ಪಿ0171 ಎಂಬ ಕೋಡ್ ಬರುತ್ತದೆ ಎಂದಿಟ್ಟುಕೊಳ್ಳಿ. ಮಿಶ್ರಣದಲ್ಲಿ ಪೆಟ್ರೋಲ್ ಸಾಲುತ್ತಿಲ್ಲ ಎಂದಷ್ಟೇ ಅದರ ಅರ್ಥ. ಕಾರಣ ಪೈಪಿನ ಬಿರುಕು ಇರಬಹುದು, ಗಾಳಿ ಅಳೆಯುವ ಸೆನ್ಸರಿಗೆ ದೂಳು ಹಿಡಿದಿರಬಹುದು, ಫ್ಯುಯೆಲ್ ಪಂಪ್ ಸೋತಿರಬಹುದು. ಕೋಡ್ ಇವುಗಳಲ್ಲಿ ಯಾವುದನ್ನೂ ಹೇಳುವುದಿಲ್ಲ.

ನಮ್ಮಲ್ಲಿಗೆ ಒಂದು ಎರಡು ಲೀಟರ್ ಟರ್ಬೊ ಸ್ಪೋರ್ಟ್ಸ್ ಕಾರು ಬಂದಿತ್ತು. ಪಿಕಪ್ ಇಲ್ಲ ಎಂಬ ದೂರು. ಬೇರೊಂದು ಕಡೆ ಅದೇ ಕೋಡ್ ನೋಡಿ ಆಕ್ಸಿಜನ್ ಸೆನ್ಸರ್ ಬದಲಿಸಿದ್ದರು, ಸ್ಪಾರ್ಕ್ ಪ್ಲಗ್ಗುಗಳನ್ನೂ ಬದಲಿಸಿದ್ದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ. ನಮ್ಮ ಹಿರಿಯ ಮೆಕ್ಯಾನಿಕ್ ಅಣ್ಣ, ‘ಸ್ಪ್ಯಾನರ್ ಕೆಳಗಿಡಪ್ಪ, ಮೊದಲು ಲೈವ್ ಡೇಟಾ ನೋಡೋಣ’ ಎಂದರು. ಎಂಜಿನ್ ಐಡಲ್‌ನಲ್ಲಿದ್ದಾಗ ಟ್ರಿಮ್ ಶೇ 18ರಷ್ಟು ಹೆಚ್ಚು. 2,500 ಆರ್‌ಪಿಎಂಗೆ ಏರಿಸಿದರೆ ಶೇ 4ಕ್ಕೆ ಇಳಿಯಿತು. ಪಂಪ್ ಸೋತಿದ್ದರೆ ವೇಗ, ಭಾರ ಹೆಚ್ಚಿದಂತೆ ಟ್ರಿಮ್ ಕೂಡ ಏರಬೇಕಿತ್ತು. ಇಳಿಯುತ್ತಿದೆ ಎಂದರೆ ಅಳತೆಗೆ ಸಿಗದ ಗಾಳಿ ಎಲ್ಲಿಂದಲೋ ಒಳಗೆ ನುಗ್ಗುತ್ತಿದೆ. ಐಡಲ್‌ನಲ್ಲಿ ಒಟ್ಟು ಗಾಳಿಯೇ ಕಡಿಮೆ ಇರುವುದರಿಂದ ಅಲ್ಲಿ ಅದರ ಪಾಲು ದೊಡ್ಡದು. ಹೊಗೆ ಬಿಟ್ಟು ಪರೀಕ್ಷಿಸಿದಾಗ ಇನ್‌ಟೇಕ್ ಮ್ಯಾನಿಫೋಲ್ಡಿಗೆ ಸೇರಿದ ಸಣ್ಣ ರಬ್ಬರ್ ಪೈಪಿನ ಬಿರುಕಿನಿಂದ ಹೊಗೆ ಬಂತು. ಟರ್ಬೊ ಒತ್ತಡ ಏರಿದಾಗ ಅದೇ ಬಿರುಕಿನಿಂದ ಗಾಳಿ ಹೊರಗೆ ಹೋಗುತ್ತಿತ್ತು. ಪಿಕಪ್ ಹೋದದ್ದೂ ಅದೇ ದಾರಿಯಲ್ಲಿ.

ಪೆಟ್ರೋಲಿನ ವಿಷಯವೂ ಹೀಗೆಯೇ. ನಮ್ಮ ಬಂಕುಗಳಲ್ಲಿ ಹಿಂದೆ ಸಾಮಾನ್ಯ ಪೆಟ್ರೋಲ್ 91 ಆಕ್ಟೇನ್ ಇರುತ್ತಿತ್ತು. 95, 100 ಆಕ್ಟೇನಿನದೂ ಸಿಗುತ್ತದೆ. ದುಬಾರಿ ಪೆಟ್ರೋಲ್ ತಾನಾಗಿ ಶಕ್ತಿ ತರುವುದಿಲ್ಲ. ಸಿಲಿಂಡರಿನಲ್ಲಿ ಇಂಧನ ಹೊತ್ತಿಗೆ ಮುಂಚೆ ತಾನೇ ಹೊತ್ತಿ ‘ನಾಕ್’ ಆದರೆ ಇಸಿಯು ಕಿಡಿ ಹಾರಿಸುವ ಸಮಯವನ್ನು ಹಿಂದಕ್ಕೆ ತಳ್ಳುತ್ತದೆ. ಎಂಜಿನ್ ಉಳಿಯುತ್ತದೆ, ಶಕ್ತಿ ಕುಗ್ಗುತ್ತದೆ. ಹೀಗಾಗುತ್ತಿದೆಯೇ ಎಂಬುದು ಲೈವ್ ಡೇಟಾದಲ್ಲಿ ಕಾಣುತ್ತದೆ. ಆಗುತ್ತಿದ್ದರೆ ಹೆಚ್ಚಿನ ಆಕ್ಟೇನಿಗೆ ಕೊಟ್ಟ ದುಡ್ಡು ಸಾರ್ಥಕ. ಇಲ್ಲದಿದ್ದರೆ ಲಾಭ ಬಂಕಿಗೆ.

ಇನ್ನು, ಯಾವ ದೋಷವೂ ಇಲ್ಲದ ಎಂಜಿನ್ನನ್ನು ಉತ್ತಮಪಡಿಸುವುದಕ್ಕೂ ಅಳತೆಯೇ ಮೊದಲು ಬೇಕು. 2012ರಲ್ಲಿ ಬಂದ ಟೊಯೊಟಾ 86 ಮತ್ತು ಅದರ ಅವಳಿ ಸುಬಾರು ಬಿಆರ್‌ಜಡ್ ಕಾರುಗಳನ್ನೇ ನೋಡಿ. 1,998 ಸಿಸಿ ಎಂಜಿನ್, 7,000 ಆರ್‌ಪಿಎಂನಲ್ಲಿ ಸುಮಾರು 200 ಅಶ್ವಶಕ್ತಿ. ಕಾಗದದ ಮೇಲೆ ಚೆನ್ನಾಗಿಯೇ ಇತ್ತು. ಓಡಿಸಿದವರು ‘ಎಳೆತ ಸಾಲದು’ ಎಂದರು. ಡೈನೊ ಮೇಲಿಟ್ಟು ಅಳೆದಾಗ ಕಂಡದ್ದು, 3,500ರಿಂದ 4,500 ಆರ್‌ಪಿಎಂ ಆಸುಪಾಸಿನಲ್ಲಿ ಟಾರ್ಕ್ ಗೆರೆ ಗುಂಡಿ ಬಿದ್ದಂತೆ ಇಳಿದಿರುವುದು. ದಿನನಿತ್ಯ ಓವರ್‌ಟೇಕ್ ಮಾಡುವಾಗ ಬೇಕಾಗುವುದೇ ಆ ಜಾಗ. ಇದನ್ನು ಅರಿತವರು ಗರಿಷ್ಠ ಶಕ್ತಿಯ ಬೆನ್ನು ಹತ್ತದೆ, ಎಕ್ಸಾಸ್ಟ್ ಹೆಡರ್ ಬದಲಿಸಿ, ಇಸಿಯು ಲೆಕ್ಕ ತಿದ್ದಿ ಆ ಗುಂಡಿಯನ್ನು ಬಹುಮಟ್ಟಿಗೆ ತುಂಬಿದರು. 2021ರಲ್ಲಿ ಬಂದ ಜಿಆರ್86ರಲ್ಲಿ ಕಂಪನಿಯೇ ಸಿಲಿಂಡರಿನ ಅಗಲವನ್ನು 86ರಿಂದ 94 ಮಿಲಿಮೀಟರಿಗೆ ಹಿಗ್ಗಿಸಿ ಎಂಜಿನ್ನನ್ನು 2,387 ಸಿಸಿ ಮಾಡಿತು. ಮೊದಲು 6,400 ಆರ್‌ಪಿಎಂ ದಾಟಿದ ಮೇಲೆ ಸಿಗುತ್ತಿದ್ದ ಗರಿಷ್ಠ ಟಾರ್ಕ್ ಈಗ 3,700ರಲ್ಲೇ ಸಿಗುತ್ತದೆ. ಕೊರತೆ ಎಲ್ಲಿತ್ತೋ ಮದ್ದು ಅಲ್ಲಿಗೇ ಹೋಯಿತು.

‘ಗ್ರಾಹಕರಿಗೆ ಇಷ್ಟೆಲ್ಲ ತಾಳ್ಮೆ ಎಲ್ಲಿದೆ?’ ಎಂದು ಕೇಳುವವರಿದ್ದಾರೆ. ಅವರ ಮಾತು ಸುಳ್ಳಲ್ಲ. ಎರಡು ಗಂಟೆ ಹುಡುಕಿ ಅಗ್ಗದ ಪೈಪ್ ಬದಲಿಸಿ ಬಿಲ್ ಕೊಟ್ಟರೆ, ‘ಏನೂ ಹಾಕಿಲ್ಲವಲ್ಲ, ಇಷ್ಟೇಕೆ?’ ಎನ್ನುತ್ತಾರೆ. ಆದರೆ ಮಾತ್ರೆ ಬರೆಯದ ವೈದ್ಯರಿಗೂ ನಾವು ಫೀಸು ಕೊಡುತ್ತೇವೆ. ಗ್ಯಾರೇಜುಗಳು ಪತ್ತೆ ಹಚ್ಚುವ ಕೆಲಸಕ್ಕೆ ಪ್ರತ್ಯೇಕ ದರ ಹೇಳಬೇಕು, ಗ್ರಾಹಕರು ಅದನ್ನು ಒಪ್ಪಬೇಕು. ಬಿಡಿಭಾಗ ಮಾರಿದಷ್ಟೂ ಲಾಭ ಎಂಬ ಲೆಕ್ಕ ಇರುವ ತನಕ ಯೋಚಿಸುವ ಹುಡುಗನಿಗಿಂತ ಬಿಚ್ಚಿ ಜೋಡಿಸುವ ಹುಡುಗನೇ ಅಗ್ಗವಾಗಿ ಕಾಣುತ್ತಾನೆ.

ಕಾಲೇಜುಗಳ ಪಾಲೂ ಇದರಲ್ಲಿದೆ. ಕತ್ತರಿಸಿಟ್ಟ ಎಂಜಿನ್ ತೋರಿಸಿ ಭಾಗಗಳ ಹೆಸರು ಬರೆಸಿದರೆ ಸಾಲದು. ಲ್ಯಾಬಿನಲ್ಲಿ ಓಡುವ ಎಂಜಿನ್ ಇಟ್ಟು, ಮೇಷ್ಟ್ರು ಒಂದು ಪೈಪ್ ಸಡಿಲಿಸಿ, ‘ಎಲ್ಲಿ ತಪ್ಪಿದೆ, ಅಂಕಿ ನೋಡಿ ಹೇಳಿ’ ಎನ್ನಲಿ. ‘ಎಲೆಕ್ಟ್ರಿಕ್ ಕಾರು ಬರುತ್ತಿರುವಾಗ ಇದೆಲ್ಲ ಏಕೆ?’ ಎಂಬ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ಬ್ಯಾಟರಿ ಕಾರಿನಲ್ಲೂ ಅಳೆದು, ಊಹಿಸಿ, ಊಹೆಯನ್ನು ಪರೀಕ್ಷಿಸುವವನೇ ಬೇಕು.

ಶುರು ಮಾಡಲು ಸ್ಪೋರ್ಟ್ಸ್ ಕಾರೇ ಬೇಕಿಲ್ಲ. ಬಿಎಸ್6 ಕಾರುಗಳಲ್ಲೆಲ್ಲ ಒಬಿಡಿ ಪೋರ್ಟ್ ಇದೆ. ಮೊಬೈಲಿಗೆ ಜೋಡಿಸುವ ಸಣ್ಣ ಅಡಾಪ್ಟರ್ ತಂದು ಮಾವನದೋ ಗೆಳೆಯನದೋ ಕಾರಿನ ಟ್ರಿಮ್, ಕೂಲಂಟ್ ಬಿಸಿ, ಒಳಹೋಗುವ ಗಾಳಿಯ ಉಷ್ಣಾಂಶ ಬರೆದಿಟ್ಟುಕೊಳ್ಳಿ. ಸರಿಯಿರುವ ಎಂಜಿನ್ ಹೇಗಿರುತ್ತದೆ ಎಂದು ಗೊತ್ತಿದ್ದರೆ ಮಾತ್ರ ಕೆಟ್ಟದ್ದು ಕಣ್ಣಿಗೆ ಬೀಳುತ್ತದೆ. ಸಂದರ್ಶನದಲ್ಲಿ ‘ಪಿಕಪ್ ಇಲ್ಲ ಎಂದು ಕಾರು ಬಂದಿದೆ, ಮೊದಲು ಏನು ಬದಲಿಸುತ್ತೀಯ?’ ಎಂದು ಕೇಳಿದರೆ ‘ಏನನ್ನೂ ಬದಲಿಸುವುದಿಲ್ಲ ಸಾರ್, ಮೊದಲು ಅಳೆಯುತ್ತೇನೆ’ ಎನ್ನಿ.