ಹಳ್ಳದ ದಂಡೆಯೂ ಮಕ್ಕಳ ವಿನೋದವೂ

ನಮ್ಮ ಹಳೆಯ ವಿದ್ಯಾರ್ಥಿನಿಯರ ಹಾಗೂ ಪಾಲಕರ ಮುಂದೆ ಒಂದು ಸಂಗತಿಯನ್ನು ವಿಚಾರಕ್ಕಾಗಿ ಇಡಬಯಸುತ್ತೇನೆ. ಮಕ್ಕಳ ವಿನೋದಕ್ಕೆಂದು ಅಲ್ಲಲ್ಲಿ ಉದ್ಯಾನಗಳು ಏಳುತ್ತಿರುವುದು ಸಂತೋಷಕರವಾದುದೇ ಸರಿ. ಆದರೆ ನೀರಿನ ಸೊಬಗಿಗೆ ಮನಸೋತು ಹಳ್ಳದ ಇಲ್ಲವೆ ನದಿಯ ದಂಡೆಯನ್ನೇ ಅವುಗಳಿಗಾಗಿ ಆರಿಸುವುದು ಯುಕ್ತವೇ?

ನಮ್ಮದು ಬರದ ಸೀಮೆಯೆಂದು ಹೆಸರಾಗಿರುವುದರಿಂದ ಪ್ರವಾಹದ ಭಯವು ಬೇಗನೆ ಮರೆತುಹೋಗುತ್ತದೆ. 2009ನೆಯ ಇಸವಿಯ ನೆರೆಯನ್ನು ಕಂಡವರೂ ಮರೆಯುತ್ತಿರುವರು. ಬಡಗಣ ಕೃಷ್ಣೆಗೂ ತೆಂಕಣ ತುಂಗಭದ್ರೆಗೂ ನೀರು ಬರುವುದು ಬಹುಮಟ್ಟಿಗೆ ದೂರದ ಸಹ್ಯಾದ್ರಿಯ ಮಳೆಯಿಂದ. ನಾರಾಯಣಪುರದ ಅಣೆಕಟ್ಟಿನಿಂದ ಹೆಚ್ಚು ನೀರು ಬಿಟ್ಟಾಗ ದೇವದುರ್ಗದ ಕಡೆಯ ಹೂವಿನಹೆಡಗಿ ಸೇತುವೆ ಮುಳುಗುವುದುಂಟು. ಆ ದಿನ ದೇವದುರ್ಗದಲ್ಲಿ ಬಿಸಿಲೇ ಇದ್ದೀತು. 2024ನೆಯ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೆಯ ಬಾಗಿಲು ಕೊಚ್ಚಿಹೋದಾಗ ಮಾನ್ವಿಯ ಕಡೆಯ ನದೀತೀರದವರೂ ಎಚ್ಚರದಿಂದಿರಬೇಕಾಯಿತು. ಸಣ್ಣ ಹಳ್ಳಗಳಾದರೋ ಬಹುಕಾಲ ಒಣಗಿದ್ದು, ಒಂದೇ ಮಳೆಗೆ ಉಕ್ಕುವುವು.

ಹೈದರಾಬಾದಿನಿಂದ ಹಿಮಾಚಲಕ್ಕೆ ವಿಹಾರಕ್ಕೆ ಹೋಗಿದ್ದ 24 ಮಂದಿ ವಿದ್ಯಾರ್ಥಿಗಳು 2014ನೆಯ ಜೂನ್ 8ರಂದು ಬಿಯಾಸ್ ನದಿಯಲ್ಲಿ ಕೊಚ್ಚಿಹೋದುದು, ಲಾರ್ಜಿ ಅಣೆಕಟ್ಟಿನಿಂದ ಬಿಟ್ಟ ನೀರಿನಿಂದಲೇ. 2025ನೆಯ ಜುಲೈ 4ರ ಬೆಳಗಿನ ಜಾವ ಅಮೆರಿಕದ ಟೆಕ್ಸಾಸಿನಲ್ಲಿ ಗ್ವಾಡಲೂಪೆ ನದಿ ಉಕ್ಕಿ, ದಂಡೆಯ ಮೇಲಿನ ಒಂದೇ ಶಿಬಿರದಲ್ಲಿ ಬಾಲಿಕೆಯರೂ ಮೇಲ್ವಿಚಾರಕಿಯರೂ ಸೇರಿ 27 ಮಂದಿ ತೀರಿಕೊಂಡರು.

ಇದನ್ನು ಕೇಳಿ, "ಹಾಗಾದರೆ ಹೆಣ್ಣುಮಕ್ಕಳನ್ನು ಹೊರಗೆ ಕಳುಹಿಸುವುದೇ ಬೇಡ" ಎನ್ನುವವರುಂಟು. ಈ ಮಾತನ್ನು ನಾನು ಒಪ್ಪಲಾರೆ. ಎಲ್ಲಿ ಅಪಾಯ ತೋರಿದರೂ ಮೊದಲು ನಿಲ್ಲುವುದು ಬಾಲಿಕೆಯರ ಸಂಚಾರವೇ, ಹಾಗಾಗಬಾರದು. ನಮ್ಮ ಹಿರಿಯರು ಎಳ್ಳಮಾವಾಸ್ಯೆಗೆ ಹೆಂಗಸರು ಮಕ್ಕಳೆನ್ನದೆ ಹೊಲಕ್ಕೆ ಹೋಗಿ ಉಂಡು ನಲಿದರು. ಮಳೆ ಹಿಂದೆಗೆದ ಆ ಚಳಿಗಾಲವು ವಿಹಾರಕ್ಕೆ ತಕ್ಕ ಕಾಲ. ಬೇಕಾದುದು ನಿರ್ಬಂಧವಲ್ಲ, ವಿವೇಕ.

ಆದುದರಿಂದ ಉದ್ಯಾನವನ್ನು ಕಟ್ಟುವವರು ಹಿಂದಿನ ನೆರೆಯ ಗುರುತನ್ನು ಊರಿನ ಮುದುಕರಿಂದ ಕೇಳಿ, ಅದಕ್ಕಿಂತ ಎತ್ತರದಲ್ಲಿ ಜೋಕಾಲಿಗಳನ್ನು ನಿಲ್ಲಿಸತಕ್ಕದ್ದು. ಕನ್ನಡದಲ್ಲಿ ಎಚ್ಚರಿಕೆಯ ಫಲಕವನ್ನೂ, ನೀರು ಬಿಡುವ ಸುದ್ದಿ ಬಂದೊಡನೆ ಬಾಗಿಲು ಮುಚ್ಚುವ ಕ್ರಮವನ್ನೂ ಇರಿಸತಕ್ಕದ್ದು. ಮಕ್ಕಳನ್ನು ಕರೆದೊಯ್ಯುವ ಉಪಾಧ್ಯಾಯಿನಿಯರು ಹೆಸರು ಕರೆದು ಎಣಿಸತಕ್ಕದ್ದು. ಏರುವ ದಾರಿಯನ್ನು ಮೊದಲೇ ತೋರಿಸತಕ್ಕದ್ದು. ಪಾಲಕರು ಟಿಕೀಟಿನ ದರವನ್ನು ಕೇಳುವಂತೆಯೇ ಇವನ್ನೂ ಕೇಳಲಿ. ಕೇಳುವ ತಾಯಂದಿರು ಹತ್ತು ಮಂದಿಯಾದರೆ ಉತ್ತರ ಕೊಡದೆ ಯಾರಿಗೂ ತೀರದು.